ಡಿಸ್ಕು ಬೆಳೆಯಿತು, ದುಡ್ಡು ಬೆಳೆಯಿತೇ?

2025ರ ಕೊನೆಗೆ ಅಮೆರಿಕದ ಷೇರುಪೇಟೆಯ ವರ್ಷದ ಲೆಕ್ಕ ನೋಡಿದ ಅನೇಕರು ಹುಬ್ಬೇರಿಸಿದರು. ಅಲ್ಲಿನ 500 ದೊಡ್ಡ ಕಂಪನಿಗಳ ಸೂಚ್ಯಂಕದಲ್ಲಿ ಅತಿ ಹೆಚ್ಚು ಏರಿದವುಗಳ ಸಾಲಿನಲ್ಲಿ ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ಇದ್ದವು. ಎರಡೂ ಹಾರ್ಡ್ ಡಿಸ್ಕ್ ಮಾಡುವ ಕಂಪನಿಗಳು. ನಮ್ಮ ಲ್ಯಾಪ್‌ಟಾಪುಗಳಿಂದ ಯಾವತ್ತೋ ಜಾಗ ಖಾಲಿ ಮಾಡಿದ, ಗರಗರ ಸದ್ದು ಮಾಡುವ ಆ ಹಳೆಯ ವಸ್ತುವನ್ನು ತಯಾರಿಸುವವರ ಷೇರು ಒಂದೇ ವರ್ಷದಲ್ಲಿ ಮೂರು ಪಟ್ಟಿಗಿಂತ ಹೆಚ್ಚಾಗಿತ್ತು. ಕೃತಕ ಬುದ್ಧಿಮತ್ತೆಯ ಚಿಪ್ ಮಾಡುವ ಎನ್‌ವಿಡಿಯಾ ಕೂಡ ಆ ವರ್ಷ ಅಷ್ಟು ಏರಲಿಲ್ಲ.

ಇಂಥ ಸುದ್ದಿಗೆ ಈಗ ಊರು, ಪಟ್ಟಣ ಎಂಬ ಭೇದವಿಲ್ಲ. ನರಸಾಪುರ, ವೇಮಗಲ್‌ನ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿ ಊರಿಗೆ ಹೊರಟ ಹುಡುಗರು ಬಸ್ಸಿನಲ್ಲೇ ಷೇರಿನ ಆ್ಯಪ್ ತೆರೆದು ಕೂರುತ್ತಾರೆ. ಕೋಲಾರ ತಾಲ್ಲೂಕಿನ ಸುಗಟೂರಿನ ಕಡೆಯ ಒಬ್ಬ ಹುಡುಗ ಕೇಳಿದ: “ಸಾರ್, ಲೇಸರ್ ಬಿಟ್ಟು ಬರೆಯೋ ಹಾರ್ಡ್ ಡಿಸ್ಕ್ ಬಂದಿದೆಯಂತೆ. ಮುಂದೆ ನೂರು ಟೆರಾಬೈಟ್ ಆಗುತ್ತಂತೆ. ಷೇರು ತಗೊಂಡ್ರೆ ಹೆಂಗೆ?”

ಕೇಳಿದ್ದು ಒಂದೇ ಪ್ರಶ್ನೆಯಾದರೂ ಅದರೊಳಗೆ ಎರಡಿವೆ. ತಂತ್ರಜ್ಞಾನ ನಿಜವೇ ಎಂಬುದು ಒಂದು. ಅದರಿಂದ ಷೇರುದಾರನ ಕೈಗೆ ಏನಾದರೂ ಬರುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಧೈರ್ಯವಾಗಿ ಹೌದೆನ್ನಬಹುದು. ಎರಡನೆಯದಕ್ಕೆ ಉತ್ತರ ಹುಡುಕಬೇಕಾದ ಜಾಗವೇ ಬೇರೆ. ಬರೀ ಎರಡು ಅಂಕಿ ನೋಡಿ. 2012ರಲ್ಲಿ ಅಂಗಡಿಯಲ್ಲಿ ಸಿಗುತ್ತಿದ್ದ ಅತಿ ದೊಡ್ಡ ಹಾರ್ಡ್ ಡಿಸ್ಕ್ 4 ಟೆರಾಬೈಟ್‌ನದು. 2025ರಲ್ಲಿ 30 ಟೆರಾಬೈಟ್ ದಾಟಿತು. ಸೀಗೇಟ್‌ನ ವಾರ್ಷಿಕ ಆದಾಯ 2012ರ ಜೂನ್‌ಗೆ ಮುಗಿದ ವರ್ಷದಲ್ಲಿ ಸುಮಾರು 1,494 ಕೋಟಿ ಡಾಲರ್; 2025ರ ಜೂನ್‌ಗೆ ಮುಗಿದ ವರ್ಷದಲ್ಲಿ ಸುಮಾರು 910 ಕೋಟಿ ಡಾಲರ್. 2012 ಥಾಯ್ಲೆಂಡ್ ಪ್ರವಾಹದಿಂದ ಡಿಸ್ಕಿನ ಬೆಲೆ ಗಗನಕ್ಕೇರಿದ್ದ ವರ್ಷ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎನ್ನುವವರು ಅದರ ಹಿಂದಿನ ವರ್ಷ ತೆಗೆದುಕೊಳ್ಳಲಿ. ಅದೂ 1,097 ಕೋಟಿ ಡಾಲರ್. ಡಿಸ್ಕು ಏಳೆಂಟು ಪಟ್ಟು ಬೆಳೆದಿದೆ, ಕಂಪನಿಯ ಆದಾಯ ಕುಗ್ಗಿದೆ. ಈ ಎರಡು ಲೆಕ್ಕಗಳನ್ನು ಬೇರೆ ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದೇ ಹವ್ಯಾಸಿ ಹೂಡಿಕೆದಾರ ಮೊದಲು ಕಲಿಯಬೇಕಾದ ಪಾಠ.

ಮೊದಲು ತಂತ್ರಜ್ಞಾನದ ಪುಸ್ತಕ ತೆರೆಯೋಣ. ಕೆಟ್ಟುಹೋದ ಹಳೆಯ 80 ಜಿಬಿ ಡಿಸ್ಕೊಂದು ಮನೆಯಲ್ಲಿದ್ದರೆ ಗುಜರಿಗೆ ಹಾಕುವ ಮುನ್ನ ಬಿಚ್ಚಿ ನೋಡಿ. ನಕ್ಷತ್ರದ ತಲೆಯ ಸಣ್ಣ ಸ್ಕ್ರೂಗಳಿಗೆ ಅದಕ್ಕೆಂದೇ ಇರುವ ಡ್ರೈವರ್ ಬೇಕು. ಎಲ್ಲವನ್ನೂ ತೆಗೆದರೂ ಮುಚ್ಚಳ ಬಾರದಿದ್ದರೆ ಲೇಬಲ್ ಮೇಲೆ ಬೆರಳಾಡಿಸಿ. ಅದರಡಿ ಇನ್ನೊಂದು ಸ್ಕ್ರೂ ಅಡಗಿರುತ್ತದೆ. ಒಳಗೆ ಅಂಗೈಯಗಲದ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ತಟ್ಟೆ. ಅದರ ಮೇಲೆ ಚಾಚಿದ ತೆಳ್ಳನೆಯ ತೋಳು. ತೋಳಿನ ತುದಿಯಲ್ಲಿ ಒಂದು ಮಿಲಿಮೀಟರ್ ಆಸುಪಾಸಿನ ಕಪ್ಪು ಚುಕ್ಕೆ. ಓದುವ, ಬರೆಯುವ ತಲೆ ಎಂದರೆ ಅದೇ. ತೋಳಿನ ಬುಡದಲ್ಲಿರುವ ಎರಡು ಕಾಂತಗಳನ್ನು ಬಿಡಿಸುವಾಗ ಬೆರಳು ಜೋಪಾನ; ಅವು ಒಂದಕ್ಕೊಂದು ಕಚ್ಚಿಕೊಂಡರೆ ಬಿಡಿಸುವುದು ಕಷ್ಟ.

ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಅದರ ಅಂಚಿನ ವೇಗ ಗಂಟೆಗೆ 120 ಕಿಲೋಮೀಟರಿಗೂ ಹೆಚ್ಚು. ಅಷ್ಟು ವೇಗದಲ್ಲಿ ಓಡುವ ತಟ್ಟೆಯನ್ನು ಮುಟ್ಟದೆ ಆ ಚುಕ್ಕೆ ತೇಲಬೇಕು. ಇಂದಿನ ಡಿಸ್ಕುಗಳಲ್ಲಿ ಓದು, ಬರಹ ನಡೆಯುವಾಗ ಇವೆರಡರ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್.

1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಯಂತ್ರ ರಾಮ್ಯಾಕ್‌ನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ; ಇಂದು ಫೋನಿನಲ್ಲಿ ತೆಗೆಯುವ ಒಂದು ಫೋಟೊದಷ್ಟು. ಅಲ್ಲಿಂದ ಇಲ್ಲಿಗೆ ಬಂದದ್ದು ಹಂತಹಂತವಾಗಿ. 1988ರಲ್ಲಿ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ ಬೇರೆ ಬೇರೆಯಾಗಿ ಕಂಡುಹಿಡಿದ ದೈತ್ಯ ಕಾಂತರೋಧದಿಂದಾಗಿ ಬಹಳ ಸಣ್ಣ ಕಾಂತಗುರುತನ್ನೂ ಓದಬಲ್ಲ ತಲೆ ಮಾಡಲು ಸಾಧ್ಯವಾಯಿತು. 1997ರಲ್ಲಿ ಐಬಿಎಂ ಅದನ್ನು ಡಿಸ್ಕಿಗಿಳಿಸಿತು. 2007ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕಾಂತದ ಗುರುತುಗಳನ್ನು ಮಲಗಿಸುವ ಬದಲು ನಿಲ್ಲಿಸಿದರೆ ಹೆಚ್ಚು ಹಿಡಿಯುತ್ತದೆಂದು ಜಪಾನಿನ ಶುನಿಚಿ ಇವಾಸಾಕಿ 1970ರ ದಶಕದಲ್ಲೇ ಹೇಳಿದ್ದರು. ತೊಶಿಬಾ ಅದನ್ನು ಮಾರುಕಟ್ಟೆಗೆ ತಂದದ್ದು 2005ರಲ್ಲಿ. 2013ರಲ್ಲಿ ಡಿಸ್ಕಿನೊಳಗಿನ ಗಾಳಿ ತೆಗೆದು ಹೀಲಿಯಂ ತುಂಬಿದರು. ಹಗುರ ಅನಿಲದಲ್ಲಿ ತಟ್ಟೆ ಅಲುಗುವುದು ಕಡಿಮೆ, ಹಾಗಾಗಿ ಅದೇ ಡಬ್ಬಿಯಲ್ಲಿ ಹೆಚ್ಚು ತಟ್ಟೆಗಳು ಹಿಡಿದವು.

ಆಮೇಲೆ ದಾರಿ ಇಕ್ಕಟ್ಟಾಯಿತು. ಹೆಚ್ಚು ತುಂಬಬೇಕಾದರೆ ಕಾಂತದ ಕಣ ಚಿಕ್ಕದಾಗಬೇಕು. ತೀರಾ ಚಿಕ್ಕದಾದರೆ ಕೋಣೆಯ ಸಾಮಾನ್ಯ ಬಿಸಿಗೇ ಅದು ತನ್ನ ದಿಕ್ಕು ಮರೆಯುತ್ತದೆ, ಬರೆದದ್ದು ಅಳಿಸಿಹೋಗುತ್ತದೆ. ದಿಕ್ಕು ಮರೆಯದ ಗಟ್ಟಿ ಲೋಹ ಹಾಕಿದರೆ ತಲೆಯ ಪುಟ್ಟ ಕಾಂತಕ್ಕೆ ಅದರ ದಿಕ್ಕು ಬದಲಿಸುವ ಶಕ್ತಿಯೇ ಸಾಲದು, ಬರೆಯಲಾಗುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಸುಗಟೂರಿನ ಹುಡುಗ ಕೇಳಿದ ಲೇಸರ್ ಬಂದದ್ದು ಇಲ್ಲಿ. ಕಬ್ಬಿಣ, ಪ್ಲಾಟಿನಂ ಬೆರೆಸಿದ ಬಹಳ ಗಟ್ಟಿಯಾದ ಪದರವನ್ನು ತಟ್ಟೆಗೆ ಲೇಪಿಸುವುದು. ಬರೆಯಬೇಕಾದ ಚುಕ್ಕೆಯನ್ನಷ್ಟೇ ಸೆಕೆಂಡಿನ ಕೋಟಿಗಟ್ಟಲೆ ಪಾಲುಗಳಲ್ಲಿ ಒಂದರಷ್ಟು ಹೊತ್ತಿನಲ್ಲಿ 400 ಡಿಗ್ರಿಗೂ ಮೇಲೆ ಕಾಯಿಸುವುದು. ಅದು ಮೆತ್ತಗಾದ ಗಳಿಗೆಯಲ್ಲಿ ಬರೆದುಬಿಡುವುದು. ತಣ್ಣಗಾದೊಡನೆ ಗುರುತು ಗಟ್ಟಿಯಾಗಿ ಕೂರುತ್ತದೆ. ಉದ್ಯಮದಲ್ಲಿ ಇದಕ್ಕೆ ‘ಹ್ಯಾಮರ್’ ಎನ್ನುತ್ತಾರೆ.

ಲೇಸರ್ ಕಿರಣವನ್ನು ಹತ್ತಾರು ನ್ಯಾನೋಮೀಟರಿನ ಚುಕ್ಕೆಗೆ ಇಳಿಸಲು ಮಸೂರ ಸಾಲದು. ಅದಕ್ಕೊಂದು ಲೋಹದ ಅತಿಸೂಕ್ಷ್ಮ ಆಂಟೆನಾ ಬೇಕು. ಸಂಶೋಧಕರು ಅದಕ್ಕೆ ಆರಿಸಿಕೊಂಡದ್ದು ಹೆಚ್ಚಾಗಿ ಚಿನ್ನವನ್ನೇ. ಬೆಳಕನ್ನು ಹಿಡಿಯುವುದರಲ್ಲಿ ಚಿನ್ನ ಗಟ್ಟಿಗ. ಆದರೆ ಅಷ್ಟು ಸಣ್ಣ ಗಾತ್ರದಲ್ಲಿ ಪದೇ ಪದೇ ಬಿಸಿ ತಾಗಿದರೆ ಮೆತ್ತಗಾಗಿ ಆಕಾರ ಕೆಡುತ್ತದೆ. ಒಂದೆರಡು ದಿನ ಬಾಳುವ ತಲೆ ಮಾಡುವುದು ದೊಡ್ಡ ಮಾತಲ್ಲ. ಐದು ವರ್ಷ ಹಗಲಿರುಳು ಬಾಳುವ ತಲೆಯನ್ನು ಕೋಟಿಗಟ್ಟಲೆ ಸಂಖ್ಯೆಯಲ್ಲಿ ಮಾಡಬೇಕು. ವರ್ಷಗಳು ಉರುಳಿದ್ದು ಅಲ್ಲಿ.

ಎಷ್ಟು ವರ್ಷ? 2012ರ ಮಾರ್ಚ್‌ನಲ್ಲಿ ಸೀಗೇಟ್ ಈ ವಿಧಾನದಿಂದ ಒಂದು ಚದರ ಅಂಗುಲದಲ್ಲಿ ಒಂದು ಲಕ್ಷ ಕೋಟಿ ಬಿಟ್ ಬರೆದು ತೋರಿಸಿತು. ಮುಂದಿನ ಹತ್ತು ವರ್ಷದಲ್ಲಿ 60 ಟೆರಾಬೈಟ್‌ವರೆಗೂ ಹೋಗಬಹುದು ಎಂದಿತು. ಹತ್ತು ವರ್ಷ ಕಳೆದು 2022 ಬಂದಾಗ ಮಾರುಕಟ್ಟೆಯಲ್ಲಿದ್ದ ದೊಡ್ಡ ಡಿಸ್ಕುಗಳು ಇಪ್ಪತ್ತರ ಆಸುಪಾಸಿನಲ್ಲಿದ್ದವು, ಅವೂ ಲೇಸರ್ ಇಲ್ಲದವು. ಲೇಸರಿನ 30 ಟೆರಾಬೈಟ್ ಡಿಸ್ಕನ್ನು ‘ಮೊಸಾಯಿಕ್’ ಹೆಸರಿನಲ್ಲಿ ಸೀಗೇಟ್ ಘೋಷಿಸಿದ್ದು 2024ರ ಜನವರಿಯಲ್ಲಿ. ಯಾರು ಬೇಕಾದರೂ ಕೊಳ್ಳುವಂತಾದದ್ದು 2025ರಲ್ಲಿ. ಎದುರಾಳಿಯ ಕಥೆ ಇನ್ನೂ ಸ್ವಾರಸ್ಯ. 2017ರ ಅಕ್ಟೋಬರಿನಲ್ಲಿ ವೆಸ್ಟರ್ನ್ ಡಿಜಿಟಲ್ ಲೇಸರ್ ಬೇಡ, ಮೈಕ್ರೋವೇವ್ ಸಾಕು ಎಂದು ‘ಮ್ಯಾಮರ್’ ವಿಧಾನ ಘೋಷಿಸಿತು. 2025ರ ಹೊತ್ತಿಗೆ 40 ಟೆರಾಬೈಟ್ ಎಂದಿತು. 2025 ಬಂತು. ಅದರ ದೊಡ್ಡ ಡಿಸ್ಕ್ 32 ಟೆರಾಬೈಟ್‌ನದು, ಅದೂ ಹೇಳಿದ್ದ ಆ ವಿಧಾನದ್ದಲ್ಲ. ಮೈಕ್ರೋವೇವ್ ಹಿಡಿದು ಡಿಸ್ಕ್ ಮಾರಿದ್ದು ಮೂರನೆಯ ಕಂಪನಿ ತೊಶಿಬಾ. ವೆಸ್ಟರ್ನ್ ಡಿಜಿಟಲ್ ಈಗ ಲೇಸರಿನ ದಾರಿಗೇ ಬಂದಿದೆ.

ಇವರು ಸುಳ್ಳು ಹೇಳಿದರು ಎಂದು ನಾನು ಹೇಳುತ್ತಿಲ್ಲ. ಪ್ರಯೋಗಾಲಯಕ್ಕೂ ಕಾರ್ಖಾನೆಗೂ ನಡುವಿನ ದೂರ ಅಂಥದ್ದು. ನಮ್ಮ ಬೆಂಗಳೂರಿನಲ್ಲೇ ಇದಕ್ಕೊಂದು ಉದಾಹರಣೆ ಇದೆ. 1990ರ ದಶಕದಲ್ಲಿ ಮ್ಯಾಂಗನೀಸ್ ಆಕ್ಸೈಡ್‌ಗಳ ಬೃಹತ್ ಕಾಂತರೋಧದ ಮೇಲೆ ಜಗತ್ತೇ ಕಣ್ಣಿಟ್ಟಿತ್ತು. ಸಿ.ಎನ್.ಆರ್. ರಾವ್ ಮತ್ತು ಅವರ ಸಂಗಡಿಗರು ಅದರಲ್ಲಿ ಮುಂಚೂಣಿಯಲ್ಲಿದ್ದರು. ಕಾಂತಕ್ಷೇತ್ರದಲ್ಲಿ ಈ ವಸ್ತುಗಳ ವಿದ್ಯುತ್ ರೋಧ ಬದಲಾಗುವ ಪ್ರಮಾಣ ಫರ್ಟ್, ಗ್ರುನ್‌ಬರ್ಗ್ ಕಂಡದ್ದಕ್ಕಿಂತಲೂ ಎಷ್ಟೋ ದೊಡ್ಡದು. ವಿಜ್ಞಾನವಾಗಿ ಅದು ಮೊದಲ ದರ್ಜೆಯದು. ಆದರೆ ಆ ಪರಿಣಾಮ ಕಾಣಲು ಬಹಳ ಬಲವಾದ ಕಾಂತಕ್ಷೇತ್ರ ಬೇಕು, ಹಲವು ವಸ್ತುಗಳಲ್ಲಿ ಚಳಿಯೂ ಬೇಕು. ಡಿಸ್ಕಿನ ತಲೆಗೆ ಅದು ಒಗ್ಗಲಿಲ್ಲ. ಅಂಕಿ ದೊಡ್ಡದಾಗಿದೆ ಎಂಬ ಕಾರಣಕ್ಕೆ ಮಾತ್ರ ಅದರ ಮೇಲೆ ಹಣ ಹೂಡಿದವನಿದ್ದಿದ್ದರೆ ವಿಜ್ಞಾನದಲ್ಲಿ ಗೆದ್ದು ವ್ಯಾಪಾರದಲ್ಲಿ ಸೋಲುತ್ತಿದ್ದ.

ಈಗ ಎರಡನೆಯ ಪುಸ್ತಕ. ಅದನ್ನು ಓದಲು ಕೋಲಾರ ಜಿಲ್ಲೆಯವರು ಅಮೆರಿಕದವರೆಗೆ ಹೋಗಬೇಕಿಲ್ಲ, ಕೆಜಿಎಫ್ ಸಾಕು. ಲಂಡನ್ನಿನ ಸಣ್ಣಪುಟ್ಟ ಹೂಡಿಕೆದಾರರು ಕೂಡ ಒಂದು ಕಾಲದಲ್ಲಿ ಷೇರು ಹಿಡಿದಿದ್ದ ನೆಲ ನಮ್ಮದು. 1802ರಲ್ಲಿ ಸರ್ವೆಗೆ ಬಂದ ಜಾನ್ ವಾರೆನ್ ಎಂಬ ಅಧಿಕಾರಿ ಇಲ್ಲಿನ ಹಳ್ಳಿಗರು ಮಣ್ಣಿನಿಂದ ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟ. ಎಪ್ಪತ್ತು ವರ್ಷದ ಬಳಿಕ ಆ ಹಳೆಯ ಬರಹ ಓದಿ ತಲೆಗೆ ಹುಳ ಬಿಟ್ಟುಕೊಂಡವನು ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೆಲ್ ಲವೆಲ್. 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ತೋಡುವ ಹಕ್ಕನ್ನೂ ಪಡೆದ. ಓದಿ ಲೆಕ್ಕ ಹಾಕಿದ ಹವ್ಯಾಸಿ ಎಂದರೆ ಅವನೇ. ಅವನ ಊಹೆ ನೂರಕ್ಕೆ ನೂರು ಸರಿಯಾಗಿತ್ತು. ಆದರೆ ಆಳಕ್ಕೆ ತೋಡುವಷ್ಟು ಬಂಡವಾಳ ಅವನಲ್ಲಿರಲಿಲ್ಲ. ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಯಿತು.

1880ರ ಆಸುಪಾಸಿನಲ್ಲಿ ಲಂಡನ್ನಿನಲ್ಲಿ ದಕ್ಷಿಣ ಭಾರತದ ಚಿನ್ನದ ಹುಚ್ಚು ಹತ್ತಿತು. ವಯನಾಡು ಕಡೆಯ ಗಣಿಗಳ ಹೆಸರಿನಲ್ಲಿ ಕಂಪನಿಗಳ ಮೇಲೆ ಕಂಪನಿ ಹುಟ್ಟಿದವು. ಹೆಚ್ಚಿನವು ಹೂಡಿದವರ ಹಣದ ಸಮೇತ ಮುಳುಗಿದವು. ಕೋಲಾರದ ಮೈಸೂರು ಗಣಿ ಕಂಪನಿಯೂ ಮುಳುಗುವ ಅಂಚಿಗೆ ಬಂತು. ಬಂಡವಾಳ ಹೆಚ್ಚುಕಡಿಮೆ ಕರಗಿತ್ತು, ಮುಚ್ಚಿಬಿಡೋಣ ಎಂದು ಷೇರುದಾರರು ಪಟ್ಟು ಹಿಡಿದಿದ್ದರು. ಉಸ್ತುವಾರಿಯಲ್ಲಿದ್ದ ಜಾನ್ ಟೇಲರ್ ಮತ್ತು ಸನ್ಸ್ ಉಳಿದ ಹಣಕ್ಕೆ ಇನ್ನೊಂದು ಪ್ರಯತ್ನ ಮಾಡೋಣ ಎಂದಿತು. ಪ್ಲಮ್ಮರ್ ಎಂಬ ಗಣಿ ತಜ್ಞ ಹಳೆಯ ಗುಂಡಿಗಳ ಜಾಡು ಹಿಡಿದು ಚಾಂಪಿಯನ್ ಅದಿರಿನ ಪದರ ಮುಟ್ಟಿದ. ಕಾದವರಿಗೆ ಭಾಗ್ಯ, ಬೇಸತ್ತು ಮಾರಿದವರಿಗೆ ನಷ್ಟ. ನೆಲದಡಿಯ ಚಿನ್ನ ಮಾತ್ರ ಇಬ್ಬರಿಗೂ ಒಂದೇ ಆಗಿತ್ತು.

ಈ ಕಥೆಯ ಕೊನೆ ಅಷ್ಟೇ ಮುಖ್ಯ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ವಿದ್ಯುತ್ ತಂದರು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು, ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಯಿತು. ಒಟ್ಟು ಸುಮಾರು 800 ಟನ್ ಚಿನ್ನ ಬಂತು. ತೋಡುವ ತಂತ್ರ ಕೊನೆಯವರೆಗೂ ಬೆಳೆಯುತ್ತಲೇ ಇತ್ತು. ಆದರೆ ಅದಿರಿನಲ್ಲಿ ಚಿನ್ನ ಕಡಿಮೆಯಾಗುತ್ತಾ, ಮೇಲೆತ್ತುವ ಖರ್ಚು ಹೆಚ್ಚುತ್ತಾ ಹೋಗಿ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಗಣಿಯನ್ನು ಮುಚ್ಚಿಸಿದ್ದು ತಂತ್ರಜ್ಞಾನದ ಕೊರತೆಯಲ್ಲ, ಖರ್ಚು ವೆಚ್ಚದ ಲೆಕ್ಕ.

ಹಾರ್ಡ್ ಡಿಸ್ಕಿನ ಊರಲ್ಲೂ ಇಂಥ ಮುಚ್ಚಿದ ಬಾಗಿಲುಗಳಿಗೆ ಕೊರತೆಯಿಲ್ಲ. ಇದುವರೆಗೆ ಇನ್ನೂರಕ್ಕೂ ಹೆಚ್ಚು ಕಂಪನಿಗಳು ಈ ವ್ಯಾಪಾರಕ್ಕೆ ಇಳಿದಿವೆ. ಡಿಸ್ಕನ್ನು ಹುಟ್ಟುಹಾಕಿದ ಐಬಿಎಂ 2003ರಲ್ಲಿ ಈ ವಿಭಾಗವನ್ನು ಹಿಟಾಚಿಗೆ ಮಾರಿತು. ಹಿಟಾಚಿ ಅದನ್ನು 2012ರಲ್ಲಿ ವೆಸ್ಟರ್ನ್ ಡಿಜಿಟಲ್‌ಗೆ ಮಾರಿತು. ಕ್ವಾಂಟಮ್‌ನ ಡಿಸ್ಕ್ ವಿಭಾಗ ಮ್ಯಾಕ್ಸ್‌ಟರ್ ಪಾಲಾಯಿತು. 2006ರಲ್ಲಿ ಮ್ಯಾಕ್ಸ್‌ಟರನ್ನೇ ಸೀಗೇಟ್ ನುಂಗಿತು, 2011ರಲ್ಲಿ ಸ್ಯಾಮ್‌ಸಂಗ್‌ನ ಡಿಸ್ಕ್ ವಿಭಾಗವನ್ನೂ ನುಂಗಿತು. ಈಗ ಉಳಿದಿರುವುದು ಮೂರೇ. ಅದರಲ್ಲೂ ತೊಶಿಬಾ 2023ರ ಡಿಸೆಂಬರಿನಲ್ಲಿ ಟೋಕಿಯೊ ಷೇರುಪೇಟೆಯಿಂದ ಹೊರಬಂತು, ಅದರ ಷೇರು ನಮಗೆ ಸಿಗುವುದಿಲ್ಲ. ಈ ಎಲ್ಲ ವರ್ಷಗಳಲ್ಲಿ ಡಿಸ್ಕು ಬೆಳೆದು ಅಗ್ಗವಾಗುತ್ತಲೇ ಹೋಯಿತು. ಆ ಲಾಭ ಉಂಡವರು ಡಿಸ್ಕ್ ಕೊಂಡವರು, ಮಾಡಿದವರಲ್ಲ.

ಹೀಗೇಕೆ ಎಂದು ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸು ಇಳಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. 2023ರ ಜುಲೈಯಲ್ಲಿ 15 ಕಿಲೋ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ರೇಟು ಕಂಡವರೆಲ್ಲ ಸಸಿ ನೆಟ್ಟರು. ಆ ಬೆಳೆ ಮಂಡಿಗೆ ಬರುವಷ್ಟರಲ್ಲಿ ರೇಟು ಇಳಿದಿತ್ತು. ಒಳ್ಳೆಯ ಬೆಳೆ ತೆಗೆಯುವುದು ಬೇರೆ, ಒಳ್ಳೆಯ ರೇಟು ಸಿಗುವುದು ಬೇರೆ. ಡಿಸ್ಕಿನ ವ್ಯಾಪಾರವೂ ಬಹುಕಾಲ ಹೀಗೇ ನಡೆಯಿತು. 2011ರ ಅಕ್ಟೋಬರಿನಲ್ಲಿ ಥಾಯ್ಲೆಂಡಿನ ಪ್ರವಾಹಕ್ಕೆ ವೆಸ್ಟರ್ನ್ ಡಿಜಿಟಲ್‌ನ ಕಾರ್ಖಾನೆ ಮುಳುಗಿದಾಗ ಡಿಸ್ಕಿನ ಬೆಲೆ ದುಪ್ಪಟ್ಟಾಯಿತು, ನಂತರ ಇಳಿಯಿತು. ಇತ್ತೀಚಿನ ಏರಿಳಿತಕ್ಕೆ ಪ್ರವಾಹವೂ ಬೇಕಾಗಲಿಲ್ಲ. ಕೊರೊನಾ ಕಾಲದಲ್ಲಿ ಕೊಂಡು ಪೇರಿಸಿದ್ದ ದೊಡ್ಡ ಗ್ರಾಹಕರು ಒಮ್ಮೆಲೇ ಕೈ ಬಿಗಿ ಮಾಡಿದರು. ಸೀಗೇಟ್‌ನ ಆದಾಯ 2022ರ 1,166 ಕೋಟಿ ಡಾಲರಿನಿಂದ ಎರಡೇ ವರ್ಷದಲ್ಲಿ 655 ಕೋಟಿಗೆ ಕುಸಿಯಿತು. ನಡುವಿನ 2023ರಲ್ಲಿ 52.9 ಕೋಟಿ ಡಾಲರ್ ನಷ್ಟ. ಸುಮಾರು ಮೂರು ಸಾವಿರ ಜನರನ್ನು ಕೆಲಸದಿಂದ ಬಿಡುವುದಾಗಿ ಕಂಪನಿ ಹೇಳಿದ್ದೂ ಆ ಅವಧಿಯಲ್ಲೇ. ಲೇಸರ್ ಡಿಸ್ಕ್ ಇನ್ನೇನು ಹೊರಬರುವುದರಲ್ಲಿದ್ದ ಹೊತ್ತು ಅದು.

ಹಾಗಾದರೆ 2025ರಲ್ಲಿ ಏನು ಬದಲಾಯಿತು? ಬೇಡಿಕೆಯ ಕಡೆ ನೋಡಿ. ಸುಗಟೂರಿನ ರೈತ ತೆಗೆಸುವ ಪಹಣಿ ಈ ಶತಮಾನದ ಆರಂಭದಲ್ಲೇ ‘ಭೂಮಿ’ ಯೋಜನೆಯ ಮೂಲಕ ಕಂಪ್ಯೂಟರಿಗೆ ಸೇರಿತು. ರಾಜ್ಯದಾದ್ಯಂತ ಸುಮಾರು ಎರಡು ಕೋಟಿ ಪಹಣಿಗಳು ಹೀಗೆ ಸೇರಿದವು. ನಮ್ಮ ಆಧಾರ್ ಮಾಹಿತಿ ಇಟ್ಟ ದತ್ತಾಂಶ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. ಮದುವೆಯ ವಿಡಿಯೊ, ಸಿಸಿಟಿವಿ, ವಾಟ್ಸ್ಆ್ಯಪ್ ಬ್ಯಾಕಪ್, ಎಐ ಕಲಿಯಲು ಬಳಸುವ ಮತ್ತು ಅದು ಹೊಸದಾಗಿ ಹುಟ್ಟಿಸುವ ಚಿತ್ರ, ವಿಡಿಯೊ, ಎಲ್ಲವನ್ನೂ ಎಲ್ಲಾದರೂ ಇಡಬೇಕು. ಇಂಥದ್ದನ್ನು ಎಸೆಯುವಂತಿಲ್ಲ, ದಿನಾ ತೆಗೆದು ನೋಡುವುದೂ ಇಲ್ಲ. ವೇಗ ಬೇಕಾದ ಕಡೆ ಚಿಪ್‌ನಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಗೆದ್ದಾಗಿದೆ. ಸುಮ್ಮನೆ ಇಟ್ಟುಕೊಳ್ಳುವ ಕೆಲಸಕ್ಕೆ ಹಾರ್ಡ್ ಡಿಸ್ಕ್ ಈಗಲೂ ಪ್ರತಿ ಟೆರಾಬೈಟ್‌ಗೆ ಹಲವು ಪಟ್ಟು ಅಗ್ಗ. 2010ರಲ್ಲಿ ಜಗತ್ತಿನಲ್ಲಿ ಸುಮಾರು 65 ಕೋಟಿ ಡಿಸ್ಕ್ ಮಾರಾಟವಾಗಿತ್ತು. ಈಗ ಅದರ ಐದರಲ್ಲೊಂದು ಪಾಲಷ್ಟೇ. ಆದರೆ ಒಂದೊಂದೂ ದೈತ್ಯ. ಕೊಳ್ಳುವವರು ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್, ಮೆಟಾದಂಥ ಬೆರಳೆಣಿಕೆಯ ಕಂಪನಿಗಳು.

ಇನ್ನು ಪೂರೈಕೆಯ ಕಡೆ. ಮೂರೇ ಬೆಳೆಗಾರರು. ಬೆಲೆ ಏರಿತೆಂದು ಹೊಸ ಕಾರ್ಖಾನೆ ಕಟ್ಟುವುದಿಲ್ಲ, ಮುಂಗಡ ಆರ್ಡರ್ ಇದ್ದಷ್ಟೇ ಮಾಡುತ್ತೇವೆ ಎಂದು ದೊಡ್ಡವರಿಬ್ಬರೂ ಹೇಳುತ್ತಿದ್ದಾರೆ. ತಂತ್ರಜ್ಞಾನದ ಪುಸ್ತಕವೂ ಲಾಭದ ಪುಸ್ತಕವೂ ಸೇರುವ ಪುಟ ಇದೇ. ಮೊಸಾಯಿಕ್ ಡಿಸ್ಕಿನಲ್ಲಿರುವುದು ಹತ್ತು ತಟ್ಟೆ. ತಟ್ಟೆಯೊಂದಕ್ಕೆ ಮೂರು ಟೆರಾಬೈಟ್ ಹಿಡಿದರೆ ಮೂವತ್ತು, ನಾಲ್ಕು ಹಿಡಿದರೆ ನಲವತ್ತು. ತಟ್ಟೆ, ಮೋಟಾರು, ಡಬ್ಬಿ, ಕೂಲಿ ಹೆಚ್ಚುಕಡಿಮೆ ಅಷ್ಟೇ. ಪ್ರತಿ ಟೆರಾಬೈಟ್‌ನ ಬೆಲೆ ಖರ್ಚಿನಷ್ಟೇ ವೇಗವಾಗಿ ಇಳಿಯದಿದ್ದರೆ ನಡುವಿನ ವ್ಯತ್ಯಾಸ ಕಂಪನಿಯ ಪಾಲು. ಸೀಗೇಟ್‌ನ ಒಟ್ಟು ಲಾಭದ ಪ್ರಮಾಣ 2023ರಲ್ಲಿ ನೂರಕ್ಕೆ 18ರಷ್ಟಿತ್ತು, 2025ರಲ್ಲಿ ನೂರಕ್ಕೆ 35. ಷೇರು ಏರಿದ್ದರ ಹಿಂದೆ ಲೇಸರಿಗಿಂತ ಈ ಅಂಕಿಯ ಪಾತ್ರ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಬೆಳೆಗಾರರ ಸಂಯಮ ಇನ್ನೊಂದು ಅಭಾವದ ಕಾಲದಲ್ಲೂ ಉಳಿಯುತ್ತದೆಯೇ, ಬೆರಳೆಣಿಕೆಯ ಗ್ರಾಹಕರು ಮತ್ತೆ ಕೈ ಬಿಗಿ ಮಾಡಿದರೆ ಏನಾಗುತ್ತದೆ ಎಂಬುದೇ ಮುಂದಿನ ಪ್ರಶ್ನೆ.

ಇದೆಲ್ಲ ತಿಳಿಯಲು ಹಣ ಕೊಟ್ಟು ಸಲಹೆ ಪಡೆಯಬೇಕಿಲ್ಲ. ಅಮೆರಿಕದಲ್ಲಿ ಪಟ್ಟಿಯಾದ ಕಂಪನಿ ಪ್ರತಿ ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಅಲ್ಲಿನ ಷೇರು ನಿಯಂತ್ರಣ ಸಂಸ್ಥೆಗೆ ಕೊಡುವ ವರದಿಗಳು ‘ಎಡ್ಗರ್’ ತಾಣದಲ್ಲಿ ಎಲ್ಲರಿಗೂ ಉಚಿತ. ನೂರಾರು ಪುಟ ಕಂಡು ಹೆದರಬೇಕಿಲ್ಲ. ಒಂದು ಭಾನುವಾರ ಕೂತು ಕೆಲವನ್ನು ಮಾತ್ರ ಹುಡುಕಿ. ಒಟ್ಟು ಎಷ್ಟು ಎಕ್ಸಾಬೈಟ್ ಮಾರಾಟವಾಯಿತು, ಅಂದರೆ ಎಷ್ಟು ಹತ್ತು ಲಕ್ಷ ಟೆರಾಬೈಟ್? ಒಟ್ಟು ಲಾಭದ ಪ್ರಮಾಣ ಏರಿತೇ, ಇಳಿಯಿತೇ? ಗೋದಾಮಿನಲ್ಲಿ ದಾಸ್ತಾನು ಬೆಳೆಯುತ್ತಿದೆಯೇ? ಹೊಸ ಡಿಸ್ಕನ್ನು ಎಷ್ಟು ದೊಡ್ಡ ಗ್ರಾಹಕರು ತಿಂಗಳುಗಟ್ಟಲೆ ಪರೀಕ್ಷೆ ಮಾಡಿ ಒಪ್ಪಿದ್ದಾರೆ? ಪ್ರಯೋಗಾಲಯದ ದಾಖಲೆಗಿಂತ ಈ ಒಪ್ಪಿಗೆಗೆ ನೂರು ಪಟ್ಟು ಬೆಲೆ. ಸಾಲ ಎಷ್ಟಿದೆ ಎಂಬುದನ್ನೂ ಬಿಡಬೇಡಿ. ಸೀಗೇಟ್ 2012ರಿಂದ ಈಚೆಗೆ ತನ್ನ ಷೇರುಗಳನ್ನು ತಾನೇ ಕೊಂಡು ಅವುಗಳ ಸಂಖ್ಯೆಯನ್ನು ಸುಮಾರು ಅರ್ಧಕ್ಕಿಳಿಸಿದೆ. ಉಳಿದ ಷೇರುದಾರನ ಪಾಲು ದೊಡ್ಡದಾಗಿದೆ, ನಿಜ. ಆದರೆ 2025ರ ಜೂನ್‌ನ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಗಿಂತ ಹೊಣೆಯೇ ಹೆಚ್ಚಿತ್ತು. ಸುಗ್ಗಿಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಬರ ಬಂದಾಗ ಸಾಲದವರು ಮೊದಲು ಬಾಗಿಲು ತಟ್ಟುತ್ತಾರೆ.

ಕೊಳ್ಳುವ ದಾರಿಯಲ್ಲೂ ಮೆಟ್ಟಿಲುಗಳಿವೆ. ಈ ಕಂಪನಿಗಳು ನಮ್ಮ ಬಿಎಸ್‌ಇ, ಎನ್‌ಎಸ್‌ಇಯಲ್ಲಿ ಇಲ್ಲ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಸುಗಟೂರಿನ ಜೇಬಿಗೆ ಆ ಮಿತಿ ಅಡ್ಡಿಯಾಗುವುದಿಲ್ಲ. ಅಡ್ಡಿಯಾಗುವುದು ಸಣ್ಣಪುಟ್ಟ ಖರ್ಚುಗಳು. ಬ್ಯಾಂಕಿನ ಶುಲ್ಕ, ಡಾಲರಿಗೆ ಬದಲಿಸುವಾಗಿನ ವ್ಯತ್ಯಾಸ ಮೊದಲೇ ಒಂದಷ್ಟು ತಿನ್ನುತ್ತವೆ. ಎರಡು ವರ್ಷಕ್ಕಿಂತ ಹೆಚ್ಚು ಹಿಡಿದು ಮಾರಿದರೆ ಲಾಭಕ್ಕೆ ಶೇ 12.5 ತೆರಿಗೆ. ಒಂದೇ ಒಂದು ವಿದೇಶಿ ಷೇರು ಇದ್ದರೂ ಆದಾಯ ತೆರಿಗೆ ವಿವರದಲ್ಲಿ ಪ್ರತ್ಯೇಕವಾಗಿ ತೋರಿಸಲೇಬೇಕು. ಹೂಡಿದ ಮೊತ್ತ ದೊಡ್ಡದಿದ್ದು ಮರೆತರೆ ದಂಡವೂ ದೊಡ್ಡದು. ರೂಪಾಯಿ ಡಾಲರಿನ ಏರಿಳಿತವೂ ಲೆಕ್ಕಕ್ಕೆ ಸೇರುತ್ತದೆ. ಸೀಗೇಟ್ ಐರ್ಲೆಂಡಿನಲ್ಲಿ ನೋಂದಾಯಿತ, ವೆಸ್ಟರ್ನ್ ಡಿಜಿಟಲ್ ಅಮೆರಿಕದ್ದು. ಹಾಗಾಗಿ ಡಿವಿಡೆಂಡ್‌ ಮೇಲಿನ ತೆರಿಗೆಯ ನಿಯಮವೂ ಎರಡಕ್ಕೂ ಒಂದೇ ಅಲ್ಲ. ಐದು ಸಾವಿರ ರೂಪಾಯಿಯ ಆಸೆಗೆ ಇಷ್ಟೆಲ್ಲ ಬೇಕೇ ಎಂದು ಮೊದಲೇ ಕೇಳಿಕೊಳ್ಳುವುದು ಜಾಣತನ.

ಮೂರು ಪಟ್ಟು ಏರಿದ ಷೇರಿನ ಬೆಲೆಯಲ್ಲಿ ನಾವು ಪತ್ರಿಕೆಯಲ್ಲಿ ಓದಿದ ಲೇಸರ್, ಎಐ, ಮೂವತ್ತು ಟೆರಾಬೈಟ್ ಎಲ್ಲವೂ ಆಗಲೇ ಸೇರಿಹೋಗಿವೆ. ಇನ್ನೂ ಸೇರದಿರುವುದು ಏನು ಎಂದು ಹೇಳಬಲ್ಲವನಿಗೆ ಮಾತ್ರ ಆ ಬೆಲೆಗೆ ಕೊಳ್ಳುವ ಕಾರಣವಿದೆ. ನಾಲ್ಕು ತ್ರೈಮಾಸಿಕ ವರದಿಗಳನ್ನು ಷೇರು ಕೊಳ್ಳದೆಯೇ ಓದಿ. ಪ್ರತಿ ಸಲ, ಮುಂದಿನ ವರದಿಯಲ್ಲಿ ಒಟ್ಟು ಲಾಭದ ಪ್ರಮಾಣ, ದಾಸ್ತಾನು, ಹೊಸ ಡಿಸ್ಕಿನ ಮಾರಾಟ ಏನಾಗಬಹುದೆಂದು ಒಂದು ಸಾಲು ಬರೆದಿಡಿ. ಬರೆದದ್ದು ನಾಲ್ಕರಲ್ಲಿ ಮೂರು ಸಲ ಹೊಂದಿದರೆ ಈ ವ್ಯಾಪಾರ ನಿಮಗೆ ತಕ್ಕಮಟ್ಟಿಗೆ ಅರ್ಥವಾಗಿದೆ ಎಂದು ತಿಳಿಯಬಹುದು. ಹೊಂದದಿದ್ದರೆ ಹೂಡಬೇಕೆಂದಿದ್ದ ಹಣ ಬ್ಯಾಂಕಿನಲ್ಲಿ ಹಾಗೇ ಇರುತ್ತದೆ, ಮೇಲೆ ಅಷ್ಟಿಷ್ಟು ಬಡ್ಡಿಯೂ ಬಂದಿರುತ್ತದೆ.